ಮನೆಯ ಮಾತು: ಗಾಳಿಗೊಂದು ಹುಂಡಿ

ಪುಷ್ಯಮಾಸದ ಒಂದು ಬೆಳಗ್ಗೆ ಬಾಗಿಲು ತೆರೆದೊಡನೆಯೇ ಮೂಗಿಗೆ ಬಡಿದದ್ದು ಎಲೆ ಸುಟ್ಟ ಹೊಗೆ. ನಮ್ಮ ಬಡಾವಣೆಯಲ್ಲಿ ಹೊಂಗೆಯ ಮರಗಳು ಬಹಳ. ಚಳಿ ಇಳಿಯತೊಡಗುವ ಕಾಲಕ್ಕೆ ಅವು ಎಲೆಯುದುರಿಸಿ ಬೀದಿಯನ್ನೆಲ್ಲ ಮುಚ್ಚಿಬಿಡುತ್ತವೆ. ಬೀದಿ ಗುಡಿಸುವ ಹೆಂಗಸು ಅವನ್ನೆಲ್ಲ ಮೋರಿಯ ಪಕ್ಕಕ್ಕೆ ಗುಡ್ಡೆಮಾಡಿ ಬೆಂಕಿಯಿಟ್ಟಿದ್ದಳು. ಮನೆಯೊಳಗೆ ಆರು ವರ್ಷದ ಮೊಮ್ಮಗಳಿಗೆ ಎರಡು ದಿನದಿಂದ ಉಬ್ಬಸ. ರಾತ್ರಿಯೆಲ್ಲ ತಾಯಿಯ ತೋಳಿಗೆ ಒರಗಿ ಕುಳಿತೇ ಇದ್ದ ಮಗು ಆಗತಾನೆ ಕಣ್ಣು ಮುಚ್ಚಿತ್ತು. ನಾನು ಸಿಟ್ಟಿನಿಂದಲೇ ಹೊರಕ್ಕೆ ಹೋದೆ.

“ಏನಮ್ಮ, ಎಲೆ ಸುಡಬಾರದೆಂದು ನಿಮಗೆ ಯಾರೂ ಹೇಳಿಲ್ಲವೆ?” ಎಂದೆ.

“ಹೇಳವ್ರೆ ಸ್ವಾಮಿ, ಸುಡಬ್ಯಾಡ ಅಂತ ಹೇಳವ್ರೆ. ಎಲ್ಲಿಗೆ ಹಾಕು ಅಂತ ಮಾತ್ರ ಯಾರೂ ಹೇಳ್ಲಿಲ್ಲ” ಎಂದಳು ಆಕೆ.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಸದ ಗಾಡಿಯವರು ಅಡಿಗೆಮನೆಯ ಕಸವನ್ನು ಒಯ್ಯುವರೇ ಹೊರತು ಎಲೆಯ ರಾಶಿಯನ್ನು ಮುಟ್ಟುವುದಿಲ್ಲ. ಎಲೆಯನ್ನು ಒಯ್ಯತಕ್ಕ ಗಾಡಿ ಎಂದು ಬರುವುದೋ ನಮ್ಮ ಬೀದಿಯಲ್ಲಿ ಬಲ್ಲವರಿಲ್ಲ. ನಾಲ್ಕು ಬಿಂದಿಗೆ ನೀರು ಸುರಿದು ಬೆಂಕಿಯನ್ನಾರಿಸಿ ಒಳಗೆ ಬಂದವನು, ಪತ್ರಗಳನ್ನಿಡುವ ಪೆಟ್ಟಿಗೆಯನ್ನು ತೆರೆದು ನೋಡಿದೆ. ಒಂದು ವರ್ಷದೊಳಗೆ ಮೂರು ಕಚೇರಿಗಳಿಂದ ಮೂರು ಕರಪತ್ರಗಳು ನಮ್ಮ ಮನೆಗೆ ಬಂದಿದ್ದವು. ಒಂದು ವಾಹನದ ಹೊಗೆಯನ್ನು ಕುರಿತದ್ದು, ಇನ್ನೊಂದು ಪಟಾಕಿಯನ್ನು ಕುರಿತದ್ದು, ಮೂರನೆಯದು ಕಸ ಸುಡಬಾರದೆಂಬ ಎಚ್ಚರಿಕೆ. ಮೂರರ ಕಾಗದವೂ ನುಣುಪಾದದ್ದೇ, ಮೂರರಲ್ಲಿಯೂ ದೊಡ್ಡವರ ಭಾವಚಿತ್ರಗಳಿದ್ದವು. ಎಲೆಯನ್ನು ಎಲ್ಲಿ ಹಾಕಬೇಕೆಂಬುದು ಮಾತ್ರ ಒಂದರಲ್ಲಿಯೂ ಇರಲಿಲ್ಲ.

ಗಾಳಿಯನ್ನು ಶುಚಿಯಾಗಿಡುವ ಬಗ್ಗೆ ಜನರಿಗೆ ತಿಳಿವಳಿಕೆ ಕೊಡಲು ಸರ್ಕಾರದವರು ಹಣ ಖರ್ಚುಮಾಡುವುದಿಲ್ಲವೆಂದು ನಾನು ದೂರುವವನಲ್ಲ. ಖರ್ಚಾಗುತ್ತಿದೆ. ಆದರೆ ಹತ್ತು ಕೈಗಳಲ್ಲಿ ಹತ್ತು ಬಿಡಿಕಾಸಾಗಿ ಖರ್ಚಾಗುತ್ತಿದೆ. ಆ ಬಿಡಿಕಾಸುಗಳೆಲ್ಲ ಒಂದು ಹುಂಡಿಗೆ ಬಿದ್ದರೆ ಏನಾದೀತೆಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇನೆ.

ಮೊದಲು ಗಾಳಿಯಲ್ಲಿರುವುದೇನೆಂಬುದನ್ನು ನೋಡೋಣ. ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳೇ ಹೆಚ್ಚು ಕೇಡಿನದು. ಹತ್ತು ಮೈಕ್ರಾನಿಗಿಂತ ಸಣ್ಣ ಕಣಗಳದು ಒಂದು ವರ್ಗ. ಎರಡೂವರೆ ಮೈಕ್ರಾನಿಗಿಂತ ಸಣ್ಣವುಗಳದು ಇನ್ನೊಂದು ವರ್ಗ. ತಲೆಗೂದಲಿನ ಒಂದು ಎಳೆಯ ದಪ್ಪ ಸುಮಾರು 50ರಿಂದ 70 ಮೈಕ್ರಾನ್ ಎಂದು ಇಟ್ಟುಕೊಂಡರೆ, ಈ ಎರಡನೆಯ ವರ್ಗದ ಕಣ ಎಷ್ಟು ಸೂಕ್ಷ್ಮವೆಂಬುದು ಮನಸ್ಸಿಗೆ ಬಂದೀತು. ಮೂಗಿನ ಕೂದಲಾಗಲಿ ಗಂಟಲಿನ ತೇವವಾಗಲಿ ಅದನ್ನು ತಡೆಯಲಾರದು. ಅದು ಶ್ವಾಸಕೋಶದ ತಳಕ್ಕೆ ಇಳಿದು, ಅಲ್ಲಿಂದ ರಕ್ತಕ್ಕೂ ಸೇರುತ್ತದೆ. ಎಲೆ, ಸೌದೆ, ಕಸ, ಡೀಸಲ್, ಕಲ್ಲಿದ್ದಲು, ಯಾವುದು ಉರಿದರೂ ಈ ಸೂಕ್ಷ್ಮ ಕಣಗಳು ಹುಟ್ಟುತ್ತವೆ. ನಮ್ಮ ದೇಶದಲ್ಲಿ 2009ರಲ್ಲಿ ಗೊತ್ತುಮಾಡಿದ ಮಿತಿಯ ಪ್ರಕಾರ ವರ್ಷದ ಸರಾಸರಿಯಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ಇವು 40 ಮೈಕ್ರೋಗ್ರಾಮಿಗೆ ಮೀರಿರಕೂಡದು. ವಿಶ್ವ ಆರೋಗ್ಯ ಸಂಸ್ಥೆಯವರು 2021ರಲ್ಲಿ ಹೇಳಿದ ಮಿತಿಯಾದರೋ ಕೇವಲ 5. ಈ ಗಾಳಿಯ ಫಲವನ್ನು ದೇಶದ ವಿದ್ವಾಂಸರು ಕೂಡಿ ಲೆಕ್ಕಹಾಕಿ 2020ರ ಕೊನೆಯಲ್ಲಿ ಪ್ರಕಟಿಸಿದರು. 2019ರಲ್ಲಿ ಭಾರತದಲ್ಲಿ ಸಂಭವಿಸಿದ ಮರಣಗಳಲ್ಲಿ ಸುಮಾರು 16.7 ಲಕ್ಷ ಗಾಳಿಯ ಮಾಲಿನ್ಯಕ್ಕೆ ಸಂಬಂಧಪಟ್ಟವು ಎಂಬುದು ಅವರ ಅಂದಾಜು.

ಆ ಲೆಕ್ಕದಲ್ಲಿಯೇ ಧೈರ್ಯ ಕೊಡತಕ್ಕ ಮಾತೂ ಒಂದುಂಟು. 1990ರಿಂದ 2019ರ ವರೆಗಿನ ಅವಧಿಯಲ್ಲಿ ಮನೆಯೊಳಗಣ ಒಲೆಯ ಹೊಗೆಯಿಂದಾಗುವ ಮರಣದ ಪ್ರಮಾಣ ನೂರಕ್ಕೆ 64ರಷ್ಟು ಇಳಿಯಿತು. ಅದೇ ಕಾಲದಲ್ಲಿ ಹೊರಗಣ ಸೂಕ್ಷ್ಮ ಧೂಳಿನಿಂದಾಗುವ ಮರಣದ ಪ್ರಮಾಣ ಎರಡರಷ್ಟಕ್ಕೂ ಮೀರಿ ಏರಿತು. ಅಡಿಗೆಮನೆಯಲ್ಲಿ ಗೆದ್ದದ್ದನ್ನು ನಾವು ಬೀದಿಯಲ್ಲಿ ಸೋತಿದ್ದೇವೆ. ಅಡಿಗೆಮನೆಯಲ್ಲಿ ಹೇಗೆ ಗೆದ್ದೆವೆಂಬುದನ್ನು ಮುಂದೆ ನೋಡೋಣ.

ಜನರಿಗೆ ತಿಳಿವಳಿಕೆ ಕೊಡುವುದು ಸರ್ಕಾರದವರ ಇಚ್ಛೆಗೆ ಬಿಟ್ಟ ಉಪಕಾರವಲ್ಲ; ಅದು ಕಾನೂನಿನಲ್ಲಿಯೇ ಹೇಳಿರುವ ಕರ್ತವ್ಯ. 1981ರ ವಾಯುಮಾಲಿನ್ಯದ ಕಾಯಿದೆಯಲ್ಲಿ, ಸಮೂಹ ಮಾಧ್ಯಮಗಳ ಮೂಲಕ ವಿಸ್ತಾರವಾದ ಕಾರ್ಯಕ್ರಮವನ್ನು ಏರ್ಪಡಿಸತಕ್ಕದ್ದೆಂದು ಕೇಂದ್ರ ಮಂಡಳಿಗೆ ವಿಧಿಸಿದೆ. ಲೋಕಶಿಕ್ಷಣದ ಕೆಲಸವನ್ನು ರಾಜ್ಯದ ಮಂಡಳಿಗಳಿಗೂ ಹೊರಿಸಿದೆ. ಹತ್ತು ವರ್ಷದ ಮೇಲೆ, 1991ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಒಂದು ಮೊಕದ್ದಮೆಯಲ್ಲಿ ಇನ್ನೂ ಮುಂದೆ ಹೋಗಿ, ಚಿತ್ರಮಂದಿರಗಳಲ್ಲಿ ಪರಿಸರವನ್ನು ಕುರಿತ ಚಿತ್ರಫಲಕಗಳನ್ನು ಉಚಿತವಾಗಿ ತೋರಿಸಬೇಕು, ರೇಡಿಯೋ ದೂರದರ್ಶನಗಳಲ್ಲಿ ಕಾರ್ಯಕ್ರಮಗಳಿರಬೇಕು, ಶಾಲೆ ಕಾಲೇಜುಗಳಲ್ಲಿ ಅದು ಪಾಠವಾಗಬೇಕು ಎಂದು ಆಜ್ಞೆಮಾಡಿತು. ಕಾನೂನೂ ಇದೆ, ಆಜ್ಞೆಯೂ ಇದೆ. 2015ರಿಂದ ಗಾಳಿಯ ಗುಣವನ್ನು ದಿನದಿನವೂ ಸೊನ್ನೆಯಿಂದ 500ರ ವರೆಗಿನ ಒಂದೇ ಅಂಕೆಯಲ್ಲಿ ಹೇಳುವ ಸೂಚ್ಯಂಕವೂ ಇದೆ. 50ರ ವರೆಗೆ ಉತ್ತಮ, 100ರ ವರೆಗೆ ತೃಪ್ತಿಕರ, 200ರ ವರೆಗೆ ಮಧ್ಯಮ. ಅಲ್ಲಿಂದ ಮುಂದೆ ಕಳಪೆ, ತೀರ ಕಳಪೆ, ಗಂಭೀರ ಎಂದು ಒಟ್ಟು ಆರು ಮೆಟ್ಟಿಲು. ಆದರೆ ಬೆಳಗ್ಗೆ ಪಂಚಾಂಗ ನೋಡಿ ರಾಹುಕಾಲ ತಿಳಿಯುವ ನಮ್ಮ ಮನೆಗಳಲ್ಲಿ ಆ ಅಂಕೆಯನ್ನು ನೋಡಿ ಮಗುವನ್ನು ಆಟಕ್ಕೆ ಕಳುಹಿಸುವವರು ಎಷ್ಟು ಮಂದಿ?

ಇನ್ನು ಹಣದ ಮಾತು. 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮ ಹೊರಟಿತು. ಮೊದಲು 102 ನಗರಗಳು, ಆಮೇಲೆ 130ಕ್ಕೆ ಏರಿದವು. ನಮ್ಮ ರಾಜ್ಯದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಎಂಬ ನಾಲ್ಕು ಆ ಪಟ್ಟಿಗೆ ಸೇರಿದವು. ಇದಲ್ಲದೆ ಹದಿನೈದನೆಯ ಹಣಕಾಸು ಆಯೋಗವು ಹತ್ತು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳ ಗಾಳಿಗೆಂದೇ 2020-21ನೆಯ ಸಾಲಿಗೆ 4,400 ಕೋಟಿ ರೂಪಾಯಿಯನ್ನೂ, 2021ರಿಂದ 2026ರ ವರೆಗಿನ ಅವಧಿಗೆ 12,139 ಕೋಟಿಯನ್ನೂ ಗೊತ್ತುಮಾಡಿತು. ಈ ಹಣ ಸಾಲದಿದ್ದರೆ ಸ್ವಚ್ಛ ಭಾರತ, ಅಮೃತ್ ಮೊದಲಾದ ಬೇರೆ ಯೋಜನೆಗಳ ಹಣವನ್ನೂ ಕೂಡಿಸಿಕೊಳ್ಳಬೇಕೆಂದು ಕಾರ್ಯಕ್ರಮದ ನಿಬಂಧನೆಗಳಲ್ಲಿಯೇ ಹೇಳಿದೆ. ಎಂದರೆ, ಹಣವನ್ನು ಕೂಡಿಸುವ ವಿಚಾರ ನಾನು ಹೊಸದಾಗಿ ಹುಟ್ಟಿಸಿದ್ದಲ್ಲ. ಸರ್ಕಾರದವರೇ ಒಪ್ಪಿಕೊಂಡಿರುವ ತತ್ತ್ವ.

ಹಣ ಹೋದದ್ದೆಲ್ಲಿಗೆ? ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 2024ರಲ್ಲಿ ಲೆಕ್ಕ ತೆಗೆದು ನೋಡಿದಾಗ, ನೂರರಲ್ಲಿ 64 ಪಾಲು ರಸ್ತೆಯ ಧೂಳಿಗೇ ಹೋಗಿತ್ತು. ಎಲೆ, ಸೌದೆ, ಕಸಗಳನ್ನು ಸುಡುವುದನ್ನು ತಪ್ಪಿಸುವುದಕ್ಕೆ ಹೋದದ್ದು ಹದಿನಾಲ್ಕೂವರೆ ಪಾಲು. ವಾಹನಗಳಿಗೆ ಹನ್ನೆರಡೂವರೆಗೆ ಸ್ವಲ್ಪ ಮೇಲೆ. ಕೈಗಾರಿಕೆಗಳಿಗೆ ಒಂದು ಪಾಲೂ ತುಂಬಲಿಲ್ಲ. ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ನಗರಗಳ ಕೆಲಸವನ್ನು ಅಳೆಯುತ್ತಿದ್ದದ್ದು ಮುಖ್ಯವಾಗಿ ದಪ್ಪ ಧೂಳಿನ ಅಂಕೆಯಿಂದ. ಗುಡಿಸುವ ಯಂತ್ರವನ್ನೂ ನೀರು ಚಿಮ್ಮುವ ಲಾರಿಯನ್ನೂ ಕೊಂಡರೆ ಅದು ಕಣ್ಣಿಗೂ ಕಾಣುತ್ತದೆ, ಲೆಕ್ಕಕ್ಕೂ ಬರುತ್ತದೆ. ಮನೆಮನೆಯ ಅಭ್ಯಾಸವನ್ನು ತಿದ್ದುವ ಕೆಲಸ ಹಾಗೆ ಕಣ್ಣಿಗೆ ಕಾಣತಕ್ಕದ್ದಲ್ಲ.

ಒಂದು ಊರಿನ ಗಾಳಿಯ ವಿಷಯದಲ್ಲಿ ಜನರೊಡನೆ ಮಾತನಾಡತಕ್ಕವರು ಎಷ್ಟು ಮಂದಿ ಎಂಬುದನ್ನು ಎಣಿಸಿ ನೋಡಿ. ಮಾಲಿನ್ಯ ನಿಯಂತ್ರಣ ಮಂಡಳಿ, ನಗರಪಾಲಿಕೆ, ಸಾರಿಗೆ ಇಲಾಖೆ, ಆರೋಗ್ಯ ಇಲಾಖೆ, ಶಿಕ್ಷಣ ಇಲಾಖೆ, ಪೋಲೀಸಿನವರು. ಹೊಲದ ಕೂಳೆ ಸುಡುವ ಕಡೆಗಳಲ್ಲಿ ಕೃಷಿ ಇಲಾಖೆಯೂ ಸೇರಿತು. ಬೆಂಗಳೂರಿನಲ್ಲಂತೂ 2025ರ ಸೆಪ್ಟೆಂಬರಿನಿಂದ ಒಂದು ಪಾಲಿಕೆ ಐದಾಗಿದೆ. ಪ್ರತಿಯೊಬ್ಬರ ಬಳಿಯಲ್ಲಿಯೂ ಪ್ರಚಾರಕ್ಕೆಂದು ಒಂದು ಸಣ್ಣ ಮೊಬಲಗು ಇರುತ್ತದೆ. ಆ ಸಣ್ಣ ಮೊಬಲಗಿನಿಂದ ಒಂದು ಕರಪತ್ರ, ಒಂದು ಮೆರವಣಿಗೆ, ಒಂದು ಭಾಷಣ ಆದೀತು. ವರ್ಷದ ಹನ್ನೆರಡು ತಿಂಗಳೂ ನಡೆಯತಕ್ಕ ಶಿಕ್ಷಣವಾಗಲಾರದು. ಅಣ್ಣತಮ್ಮಂದಿರು ಬೇರೆಬೇರೆಯಾಗಿ ಮೂರು ಮೊಳ ಹಗ್ಗ ತಂದರೆ ಬಾವಿಯ ನೀರು ಯಾರಿಗೂ ಎಟುಕುವುದಿಲ್ಲ. ಮೂರನ್ನೂ ಗಂಟುಹಾಕಿದರೆ ಬಿಂದಿಗೆ ತುಂಬೀತು.

ಕೂಡಿ ಮಾಡಿದ ಕೆಲಸ ಫಲಿಸಿದ್ದುಂಟೆ? ಉಂಟು. ಪೋಲಿಯೋ ಹನಿಯ ಕೆಲಸವನ್ನು ವಾಚಕರೆಲ್ಲ ಕಂಡಿದ್ದೀರಿ. 1995ರಲ್ಲಿ ಮೊದಲಾದ ಆ ಕಾರ್ಯದಲ್ಲಿ ಸರ್ಕಾರಗಳ ಹಣವೂ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ರೋಟರಿ ಸಂಸ್ಥೆಗಳ ನೆರವೂ ಒಂದೇ ದಿಕ್ಕಿನಲ್ಲಿ ಹರಿದವು. ದೇಶಕ್ಕೆಲ್ಲ ಒಂದೇ ಮಾತು: ಈ ಭಾನುವಾರ, ಐದು ವರ್ಷದೊಳಗಿನ ಮಗುವಿಗೆ, ಎರಡು ಹನಿ. ಮಾತು ಕೇಳಿ ಬಂದ ತಾಯಿಗೆ ಬೂತಿನಲ್ಲಿ ಹನಿಯೂ ಸಿದ್ಧವಾಗಿರುತ್ತಿತ್ತು. ಬಾರದಿದ್ದವಳ ಮನೆಗೆ ಮರುದಿನ ಕಾರ್ಯಕರ್ತೆಯೇ ಹೋದಳು. 2011ರ ಜನವರಿಯ ಆಚೆಗೆ ನಮ್ಮಲ್ಲಿ ಆ ಕಾಡು ವೈರಸ್ಸಿನ ರೋಗ ಹೊಸದಾಗಿ ಕಾಣಲಿಲ್ಲ; 2014ರಲ್ಲಿ ಪೋಲಿಯೋ ತೊಲಗಿತೆಂಬ ಪ್ರಮಾಣಪತ್ರವೂ ದೊರೆಯಿತು.

ಗಾಳಿಯ ವಿಷಯದಲ್ಲಿಯೇ ಬೇಕೆಂದರೆ ಲಂಡನ್ ನಗರದ ಕಥೆಯಿದೆ. 1952ರ ಡಿಸೆಂಬರಿನಲ್ಲಿ ಐದು ದಿನ ಅಲ್ಲಿ ಮಂಜೂ ಕಲ್ಲಿದ್ದಲಿನ ಹೊಗೆಯೂ ಬೆರೆತು ಕವಿದು, ಆಗಿನ ಅಂದಾಜಿನಂತೆ ನಾಲ್ಕು ಸಾವಿರ, ಮುಂದಿನ ಸಂಶೋಧಕರ ಅಂದಾಜಿನಂತೆ ಹನ್ನೆರಡು ಸಾವಿರ ಜನ ಪ್ರಾಣಬಿಟ್ಟರು. ಆ ಹೊಗೆಯಲ್ಲಿ ದೊಡ್ಡ ಪಾಲು ಮನೆಮನೆಯ ಅಗ್ಗಿಷ್ಟಿಕೆಯಿಂದ ಬಂದದ್ದು. 1956ರ ಕಾಯಿದೆಯಲ್ಲಿ ಅವರು ಹೊಗೆಯಿಲ್ಲದ ವಲಯಗಳನ್ನು ಗೊತ್ತುಮಾಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟರು. ಒಲೆ ಬದಲಾಯಿಸಿರೆಂದು ಹೇಳಿ ಸುಮ್ಮನಿರಲಿಲ್ಲ. ಹಳೆಯ ಮನೆಗಳವರಿಗೆ ಬದಲಾವಣೆಯ ಖರ್ಚಿನ ಹತ್ತರಲ್ಲಿ ಏಳು ಪಾಲನ್ನು ಸಾರ್ವಜನಿಕ ಹಣದಿಂದ ಕೊಡಿಸಿದರು. ನಾಲ್ಕು ಪಾಲು ದೊಡ್ಡ ಸರ್ಕಾರದ ಬೊಕ್ಕಸದ್ದು, ಮೂರು ಪಾಲು ಊರಿನ ಸಂಸ್ಥೆಯದು, ಉಳಿದ ಮೂರು ಮನೆಯವನದು. ಹೀಗೆ ಮೂರು ಗಂಟುಗಳು ಒಂದೇ ಒಲೆಯ ಮುಂದೆ ಕೂಡಿದವು.

ನಮ್ಮ ನಾಡಿನ ಅಡಿಗೆಮನೆಯ ಪಾಠವೂ ಇದೇ. ನಮ್ಮ ಅಜ್ಜಿಯ ಅಡಿಗೆಮನೆಯ ತೊಲೆಗಳು ಇಲ್ಲಣದಿಂದ ಕಪ್ಪಗೆ ಹೊಳೆಯುತ್ತಿದ್ದವು. ಆಕೆಯ ಕಣ್ಣು ಸದಾ ಕೆಂಪು, ಎದೆಯಲ್ಲಿ ಸದಾ ಕೆಮ್ಮು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೋಪಯೋಗಿ ವಿಭಾಗ ಆರಂಭವಾಯಿತು. ಅಲ್ಲಿಯ ವಿಜ್ಞಾನಿಗಳು ಮೂರು ಪಾತ್ರೆಗಳನ್ನಿಡುವ, ಹೊಗೆ ಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿದರು. ಹಳ್ಳಿಗಳಲ್ಲಿ ಅದನ್ನು ಕಟ್ಟುವವರನ್ನು ತರಬೇತುಮಾಡಲಾಯಿತು. ಕೊಳವೆಯ ಮಸಿ ತೆಗೆಯುವುದನ್ನು ಕಲಿತ ಮನೆಗಳಲ್ಲಿ ಅದು ಬಾಳಿತು. ಕಲಿಯದ ಮನೆಗಳಲ್ಲಿ ಕಟ್ಟಿಕೊಂಡು ಮೂಲೆಗೆ ಬಿತ್ತು. ಆಮೇಲೆ 2016ರ ಮೇ ತಿಂಗಳಿನಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ 2019ರ ಸೆಪ್ಟೆಂಬರಿನ ಹೊತ್ತಿಗೆ ಎಂಟು ಕೋಟಿ ಬಡ ಮನೆಗಳಿಗೆ ಗ್ಯಾಸ್ ಬಂದಿತು. ಆದರೂ ಸಿಲಿಂಡರ್ ಮುಗಿದಾಗ ಮತ್ತೊಂದಕ್ಕೆ ಹಣವಿಲ್ಲದ ಮನೆಯಲ್ಲಿ ಸೌದೆ ಪುನಃ ಒಳಗೆ ಬಂದಿತು. ಹಂಡೆಯ ಒಲೆಯಂತೂ ಅನೇಕ ಮನೆಗಳಲ್ಲಿ ಆರಲೇ ಇಲ್ಲ. ವಸ್ತುವಿಲ್ಲದ ಉಪದೇಶ ಹೇಗೆ ವ್ಯರ್ಥವೋ, ತಿಳಿವಳಿಕೆಯಿಲ್ಲದ ವಸ್ತುವೂ ಹಾಗೆಯೇ ಅರ್ಧ ವ್ಯರ್ಥ.

ಆದುದರಿಂದ ನನ್ನ ಸೂಚನೆ ಇಷ್ಟು. ಊರಿನ ಗಾಳಿಗೆ ಸಂಬಂಧಪಟ್ಟ ಇಲಾಖೆಗಳೆಲ್ಲವೂ ತಂತಮ್ಮ ಪ್ರಚಾರದ ಮೊಬಲಗನ್ನು ಒಂದು ಹುಂಡಿಗೆ ಹಾಕಲಿ. ಆ ಹುಂಡಿಯಿಂದ ವರ್ಷಕ್ಕೊಂದು ಪಂಚಾಂಗ ಸಿದ್ಧವಾಗಲಿ. ಒಂದೊಂದು ಋತುವಿಗೆ ಒಂದೇ ಮಾತು ಇರಲಿ. ದೀಪಾವಳಿಗೆ ಪಟಾಕಿಯ ಮಾತು. ರಾತ್ರಿ ಎಂಟರಿಂದ ಹತ್ತರ ವರೆಗೆ ಮಾತ್ರ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಏಕೆ ಹೇಳಿತೆಂಬುದು ಮಕ್ಕಳಿಗೂ ತಿಳಿಯಲಿ. ಮಾರ್ಗಶಿರ ಪುಷ್ಯಗಳಲ್ಲಿ ತಣ್ಣನೆಯ ಗಾಳಿ ನೆಲಕ್ಕೆ ಅಂಟಿ ನಿಂತು ಹೊಗೆಯನ್ನು ಮೇಲೆ ಹೋಗಗೊಡುವುದಿಲ್ಲ. ಆಗ ಬೀದಿಯ ಬೆಂಕಿಯ ಮಾತು; ಜೊತೆಗೆ ರಾತ್ರಿಯ ಕಾವಲಿನವನಿಗೆ ಬೆಂಕಿ ಕಾಯಿಸಿಕೊಳ್ಳದಿರೆಂದು ಹೇಳುವ ಮೊದಲು ಒಂದು ಕಂಬಳಿ. ಮಾಘ ಫಾಲ್ಗುಣಗಳಲ್ಲಿ ಎಲೆಯ ಗಾಡಿ ಯಾವ ಬೀದಿಗೆ ಯಾವ ವಾರ ಬರುವುದೆಂಬ ಪಟ್ಟಿ. ಬೇಸಗೆಯಲ್ಲಿ ಮನೆ ಕಟ್ಟುವವರಿಗೆ ಮರಳಿನ ಮೇಲೆ ಹೊದಿಕೆ ಹಾಕುವ, ನೀರು ಚಿಮುಕಿಸುವ ಮಾತು. ಮಳೆಗಾಲದಲ್ಲಿ ಗಾಳಿ ತಾನೇ ತೊಳೆದಂತಾಗುವುದರಿಂದ, ಆಗ ವಾಹನವನ್ನೂ ಹಂಡೆಯ ಒಲೆಯ ಕೊಳವೆಯನ್ನೂ ಸರಿಮಾಡಿಸಿಕೊಳ್ಳುವ ಮಾತು. ಇವೆಲ್ಲ ಆಡುವ ಕನ್ನಡದಲ್ಲಿರಲಿ. ಉರ್ದು, ತಮಿಳು, ತೆಲುಗು ಆಡುವವರ ಕೇರಿಗಳಲ್ಲಿ ಅವರ ಮಾತಿನಲ್ಲಿರಲಿ.

ಇದಕ್ಕೆ ಎರಡು ಆಕ್ಷೇಪಗಳು ಬರುವುದನ್ನು ನಾನು ಬಲ್ಲೆ. ಮೊದಲನೆಯದು: “ಕಾರ್ಖಾನೆಯ ಚಿಮಣಿಯನ್ನೂ ಹಳೆಯ ಲಾರಿಯನ್ನೂ ಬಿಟ್ಟು ಗೃಹಸ್ಥನಿಗೆ ಬುದ್ಧಿ ಹೇಳುವುದೇಕೆ?” ಈ ಮಾತಿನಲ್ಲಿ ಸತ್ಯವಿದೆ. ಒಳ್ಳೆಯ ಮಾತು ಹೇಳುವುದು ಅಗ್ಗ, ಚಿಮಣಿ ತಿದ್ದಿಸುವುದು ದುಬಾರಿ. ಆದಕಾರಣ ಅಗ್ಗವಾದುದನ್ನೇ ಮಾಡಿ ಕೈತೊಳೆದುಕೊಳ್ಳುವ ಅಪಾಯ ಇದ್ದೇ ಇದೆ. ಅದಕ್ಕಾಗಿಯೇ ಈ ಹುಂಡಿಯ ಹಣದಿಂದ ನಮ್ಮ ಕರ್ತವ್ಯವನ್ನು ಮಾತ್ರವಲ್ಲದೆ ನಮ್ಮ ಹಕ್ಕನ್ನೂ ತಿಳಿಸತಕ್ಕದ್ದು. ಯಾವ ಹೊಗೆಗೆ ಯಾವ ಕಚೇರಿ ಜವಾಬ್ದಾರಿ, ದೂರು ಎಲ್ಲಿ ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ ಬರಬೇಕು ಎಂಬುದೂ ಆ ಪಂಚಾಂಗದಲ್ಲಿರಲಿ. ಅಂಕೆಯನ್ನು ಓದಲು ಬಲ್ಲ ಗೃಹಸ್ಥನು ತನ್ನ ಮನೆಯ ಬೆಂಕಿಯನ್ನೂ ಆರಿಸುವನು, ಚಿಮಣಿಯ ಲೆಕ್ಕವನ್ನೂ ಕೇಳುವನು.

ಎರಡನೆಯದು: “ಹತ್ತು ಜನರ ಹಣ ಯಾರ ಹಣವೂ ಅಲ್ಲ, ಅದು ಭಾವಚಿತ್ರಗಳಿಗೆ ಹೋದೀತು.” ಇದೂ ಸುಳ್ಳಲ್ಲ. ಸರ್ಕಾರದ ಜಾಹೀರಾತುಗಳಲ್ಲಿ ಯಾರ ಚಿತ್ರವಿರಬಹುದೆಂಬುದನ್ನು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಬಿಗಿಮಾಡಿ, 2016ರಲ್ಲಿ ತಾನೇ ಸಡಿಲಿಸಬೇಕಾಯಿತು. ನಾನು ಹುಂಡಿ ಎಂಬ ಮಾತನ್ನು ಆರಿಸಿದ್ದು ಈ ಕಾರಣದಿಂದಲೇ. ದೇವಸ್ಥಾನದ ಹುಂಡಿಗೆ ಯಾರು ಬೇಕಾದರೂ ಹಾಕಬಹುದು. ತೆರೆಯುವುದು ಮಾತ್ರ ಹತ್ತು ಜನರ ಮುಂದೆ, ಎಣಿಸುವುದೂ ಹತ್ತು ಜನರ ಮುಂದೆ. ಗಾಳಿಯ ಹುಂಡಿಯ ಲೆಕ್ಕವೂ ವರ್ಷಕ್ಕೊಮ್ಮೆ ವಾರ್ಡಿನ ಸಭೆಯಲ್ಲಿ ಓದಿಹೇಳುವಂತಾಗಲಿ. ಎಷ್ಟು ಕರಪತ್ರ ಹಂಚಿದರೆಂಬುದು ಅದರ ಫಲವಲ್ಲ. ಎಷ್ಟು ಬೀದಿಗಳಲ್ಲಿ ಬೆಂಕಿ ನಿಂತಿತೆಂಬುದು ಫಲ.

ಸರ್ಕಾರದವರು ಹುಂಡಿಯಿಡುವ ವರೆಗೆ ನಾವು ಕೈಕಟ್ಟಿ ಕೂರಬೇಕಾದುದಿಲ್ಲ. ಅಡಿಗೆಯ ಹೊತ್ತಿನಲ್ಲಿ ಕಿಟಕಿ ತೆರೆದಿರಲಿ. ಬೇಳೆಯನ್ನು ನೆನೆಹಾಕಿ, ಪಾತ್ರೆಗೆ ಮುಚ್ಚಳವಿಟ್ಟು ಬೇಯಿಸಿದರೆ ಉರಿಯೂ ಉಳಿಯುವುದು, ಹೊಗೆಯೂ ಉಳಿಯುವುದು. ಉಬ್ಬಸದ ಮಗುವಿರುವ ಮನೆಯಲ್ಲಿ ಸೊಳ್ಳೆಬತ್ತಿಯ ಬದಲು ಪರದೆ ಕಟ್ಟಿರಿ. ಊದುಬತ್ತಿಯ ಕಟ್ಟನ್ನೇ ಹಚ್ಚುವ ಬದಲು ಒಂದು ಕಡ್ಡಿ ಸಾಕು, ದೇವರು ಬೇಸರಿಸಲಾರನು.

ನಮ್ಮ ಬೀದಿಯಲ್ಲಿ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಆ ಭಾನುವಾರ ಹನ್ನೊಂದು ಮನೆಯವರು ಕೂಡಿ, ಮನೆಗೆ ಮುನ್ನೂರು ರೂಪಾಯಿಯಂತೆ ಹಾಕಿ, ನೆರೆಯವರೊಬ್ಬರ ಖಾಲಿ ನಿವೇಶನದ ಮೂಲೆಯಲ್ಲಿ ತಂತಿಬಲೆಯ ಎರಡು ದೊಡ್ಡ ಪಂಜರಗಳನ್ನು ನಿಲ್ಲಿಸಿದೆವು. ಎಲೆ ಅದರೊಳಗೆ, ವಾರಕ್ಕೊಮ್ಮೆ ಸಗಣಿಯ ನೀರು ಅದರ ಮೇಲೆ. ಜ್ಯೇಷ್ಠಮಾಸದ ಹೊತ್ತಿಗೆ ಹನ್ನೊಂದು ಮನೆಗಳ ಕುಂಡಗಳಿಗೂ ಸಾಕಾಗಿ ಮಿಗುವಷ್ಟು ಗೊಬ್ಬರವಾಯಿತು. ಬೀದಿ ಗುಡಿಸುವ ಹೆಂಗಸು ಮೊದಲ ಬುಟ್ಟಿಯನ್ನು ಸುರಿದು, “ಇಷ್ಟು ಹೇಳಿದ್ರೆ ಆಗ್ತಿತ್ತಲ್ಲ ಸ್ವಾಮಿ” ಎಂದಳು.

ಮಗುವಿನ ಉಬ್ಬಸ ಹೋಯಿತೆಂದು ನಾನು ಹೇಳಲಾರೆ. ನಮ್ಮ ಬೀದಿಯ ಹೊಗೆ ನಿಂತಿದೆ. ಪಕ್ಕದ ಬೀದಿಯದು ನಿಂತಿಲ್ಲ. ಅಲ್ಲಿಯ ಎಲೆಯ ಹೊಗೆ ನಮ್ಮ ಬೀದಿಯ ಎಲ್ಲೆಯನ್ನು ನೋಡಿ ಹಿಂದಿರುಗುವುದಿಲ್ಲ. ಹನ್ನೊಂದು ಮನೆಯವರ ಮುನ್ನೂರು ರೂಪಾಯಿ ಒಂದು ಬೀದಿಗೆ ಸಾಕಾಯಿತು; ಊರಿಗೆ ಸಾಲದು. ಊರಿಗೆ ಬೇಕಾದ ಹಣ ನಾವೇ ತೆರಿಗೆಯಾಗಿ ಕೊಟ್ಟು ಆಗಲೇ ಬೊಕ್ಕಸಗಳಲ್ಲಿದೆ. ಅದನ್ನು ಕೂಡಿಸಿ, ಎಲೆಯನ್ನು ಎಲ್ಲಿ ಹಾಕಬೇಕೆಂಬ ಒಂದು ಮಾತನ್ನು ಎಲ್ಲ ಬೀದಿಗಳಿಗೂ ಮುಟ್ಟಿಸಿರೆಂದು ಕೇಳುವುದು ಮಾತ್ರ ನಮ್ಮ ಕೆಲಸವಾಗಿ ಉಳಿದಿದೆ. ಮುಂದಿನ ಪುಷ್ಯಮಾಸ ಬರುವುದರೊಳಗೆ ವಾಚಕರು ತಂತಮ್ಮ ವಾರ್ಡಿನ ಸಭೆಯಲ್ಲಿ ಇದನ್ನು ಒಮ್ಮೆ ಎದ್ದುನಿಂತು ಕೇಳುವರೆಂದು ನಂಬಿರುತ್ತೇನೆ.